ತುಕ್ರಣ್ಣನ ಕೈ ಹೋಗುವಷ್ಟು ಜಾಗ

ತುಕ್ರಣ್ಣ ಲೋಡು ಅಳೆಯುವುದು ಕೈಯಲ್ಲಿ. ತಮಾಷೆ ಅಲ್ಲ. ಪಿಕಪ್ಪಿಗೆ ಸಿಮೆಂಟ್ ಮೂಟೆ ಹಾಕ್ತಾ ಹಾಕ್ತಾ ನಡುವಲ್ಲಿ ಒಮ್ಮೆ "ನಿಲ್ಲಿ" ಅಂತಾರೆ. ಹಿಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಟಯರಿಗೂ ಮೇಲಿನ ಬಾಡಿಗೂ ನಡುವೆ ಇರುವ ಸಂದಿಗೆ ಬಲಗೈಯನ್ನು ನೆಟ್ಟಗೆ ನಿಲ್ಲಿಸಿ ತೂರಿಸ್ತಾರೆ. ಕೈ ಸಲೀಸಾಗಿ ಹೋದರೆ ಇನ್ನೂ ಹಾಕಬಹುದು. ಉಜ್ಜಿಕೊಂಡು ಹೋದರೆ ಸಾಕು. ಹೋಗದಿದ್ದರೆ ಎರಡು ಮೂಟೆ ಕೆಳಗೆ. ಇಷ್ಟೇ ಅವರ ಶಾಸ್ತ್ರ. ಮೂವತ್ತು ವರ್ಷದಲ್ಲಿ ಅವರು ಲೋಡು ಮಾಡಿದ ಒಂದು ಗಾಡಿಯೂ ದಾರಿಯಲ್ಲಿ ಕೂತದ್ದಿಲ್ಲ.

ಇದನ್ನು ಹೇಳುವ ನಾನು ರೋಷನ್. ಬಿಜೈ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಪ್ಲೇಟ್ ವರ್ಕ್ಸ್ ಉಂಟು. ಲಾರಿ, ಪಿಕಪ್ಪುಗಳ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪ್ಲೇಟುಗಳು ಇರ್ತವಲ್ಲ, ಭಾರ ಹೊರುವುದು ಅವೇ. ಅದು ತುಂಡಾದರೆ, ಚಪ್ಪಟೆ ಆದರೆ ನನ್ನ ಹತ್ತಿರ ಬರ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂತ ಹೆಂಡತಿ ಅಶ್ಮಿತಾ ದಿನಕ್ಕೆ ಎರಡು ಸಲ ಹೇಳ್ತಾಳೆ. ಇರಲಿ. ಓವರ್‌ಲೋಡು ಹಾಕಿ ಪ್ಲೇಟು ಮುರಿದುಕೊಂಡು ಬಂದು "ಎಂತದೋ ಸೌಂಡ್ ಬರ್ತದೆ ಅಣ್ಣಾ" ಅಂತ ಹಲ್ಲು ಕಿರಿಯುವವರನ್ನು ಕಂಡರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ತುಕ್ರಣ್ಣ ಇರುವ ಗಾಡಿಗೆ ಮಾತ್ರ ನಾನು ಹಾಗೆ ಬೈದದ್ದಿಲ್ಲ.

ಅವರು ಗುರುಪುರದ ಕಡೆಯವರು. ಅಪ್ಪ ಅಮ್ಮ ಇನ್ನೊಬ್ಬರ ಗದ್ದೆಯಲ್ಲಿ ಉತ್ತು ಬಿತ್ತಿ ಬದುಕಿದವರು. ಗದ್ದೆ ಸೈಟಾದ ಮೇಲೆ ತುಕ್ರಣ್ಣ, ಅವರ ಅಣ್ಣ ಐತ, ಇಬ್ಬರೂ ಕೆಂಪುಕಲ್ಲಿನ ಲಾರಿಗೆ ಲೋಡಿಂಗಿಗೆ ಸೇರಿದರು. ಒಂದು ದಿನ ಆ ಲಾರಿ ಇಳಿಜಾರಿನಲ್ಲಿ ಪ್ಲೇಟು ಮುರಿದು ಮಗುಚಿತು. ಐತ ಕಲ್ಲುಗಳ ಮೇಲೆ ಕೂತಿದ್ದ. ಅದೇ ಕಲ್ಲುಗಳ ಅಡಿಯಿಂದ ಅವನನ್ನು ತೆಗೆದದ್ದು. ತುಕ್ರಣ್ಣನಿಗೆ ಆಗ ಇಪ್ಪತ್ತು ವರ್ಷ. ಆಮೇಲೆ ಊರಿನ ಹಳೇ ಡ್ರೈವರೊಬ್ಬರ ಮನೆಗೆ ಹೋಗಿ ಜಗಲಿಯಲ್ಲಿ ಕೂತು, "ಜಾಸ್ತಿ ಆಯ್ತು ಅಂತ ಮೊದಲೇ ಗೊತ್ತಾಗುವುದು ಹೇಗೆ?" ಅಂತ ಕೇಳಿದರಂತೆ. ಆ ಡ್ರೈವರು ಕಲಿಸಿದ್ದು ಈ ಕೈಲೆಕ್ಕ.

ಈಗ ಅವರು ಹಸೈನಾರಾಕನ ಗ್ಯಾಂಗಿನಲ್ಲಿ ಮೇಸ್ತ್ರಿ. ಹಸೈನಾರಾಕ ಅಂದರೆ ಸ್ಲ್ಯಾಬ್ ಕಂಟ್ರಾಕ್ಟರ್ ಹಸೈನಾರ್, ನಾವೆಲ್ಲ ಕರೆಯುವುದು ಹಾಗೆ. ಮನೆಗಳಿಗೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಕೊಡುವುದು ಅವರ ಕೆಲಸ. ಸಿಮೆಂಟು, ಜನ, ಮಿಕ್ಸರ್ ಮೆಷಿನ್, ಎಲ್ಲ ಅವರದ್ದೇ. ಪಿಕಪ್ಪಿನಲ್ಲಿ ಮೂಟೆ, ಮೂಟೆಯ ಮೇಲೆ ಏಳೆಂಟು ಜನ, ಹಿಂದಿನಿಂದ ಕೊಂಡಿಗೆ ಸಿಕ್ಕಿಸಿ ಎಳೆಯುವ ಮಿಕ್ಸರ್. ಆ ಏಳೆಂಟು ಜನರಲ್ಲಿ ತುಕ್ರಣ್ಣನ ಹೆಂಡತಿ ಕಿನ್ನಿಯಕ್ಕನೂ ಒಬ್ಬರು. ಇಪ್ಪತ್ತೆಂಟು ವರ್ಷದಿಂದ ಗಂಡ ಲೋಡು ಮಾಡಿದ ಗಾಡಿಯ ಮೇಲೆ ಕೂತೇ ಕೆಲಸಕ್ಕೆ ಹೋದವರು. ಹಾಗೆ ಜನ ಕೂರಿಸಬಾರದು ಅಂತ ನನಗೂ ಗೊತ್ತುಂಟು, ನಿಮಗೂ ಗೊತ್ತುಂಟು. ಆದರೆ ಎಲ್ಲರೂ ಕೂರಿಸ್ತಾರೆ.

ಮಿಕ್ಸರಿನದ್ದೇ ತಾಪತ್ರಯ ಆದದ್ದು. ಅದರ ಮೂತಿ ಕೊಂಡಿಯ ಮೇಲೆ ಕೂತರೆ ಪಿಕಪ್ಪಿನ ಬಾಲ ಕೆಳಗೆ, ಮುಂಭಾಗ ಮೇಲೆ. ಸ್ಟೇರಿಂಗು ಹಗುರ ಆಗಿ ಕೈಗೇ ಸಿಗುವುದಿಲ್ಲ. "ಇನ್ನೆರಡು ಪ್ಲೇಟ್ ಹಾಕಿ ಬಿಡು ಮಾರಾಯ" ಅಂದರು ಹಸೈನಾರಾಕ. ನಾನು ಬೇಡ ಅಂದೆ. ಪ್ಲೇಟು ಹೆಚ್ಚಾದರೆ ಖಾಲಿ ಗಾಡಿ ಚೆಂಡಿನ ಹಾಗೆ ಎಗರ್ತದೆ, ಕೂತವರ ಸೊಂಟ ಹೋಗ್ತದೆ. ಅಷ್ಟರಲ್ಲಿ ದುಬೈಯಲ್ಲಿರುವ ಅವರ ಮಗ ಶಾಹುಲ್ ರಜೆಯಲ್ಲಿ ಬಂದ. ಖರ್ಜೂರ, ಹಾಲಿನ ಪುಡಿ, ಸೆಂಟಿನ ಬಾಟ್ಲಿಗಳ ಜೊತೆ ಸೂಟ್‌ಕೇಸಿನಲ್ಲಿ ಒಂದು ಜೊತೆ ಏರ್ ಬ್ಯಾಗ್ ತಂದಿದ್ದ. ಅಲ್ಲಿ ಪಿಕಪ್ಪಿನ ಹಿಂದೆ ಬೋಟು ಎಳೆಯುವವರೆಲ್ಲ ಇದನ್ನೇ ಹಾಕುವುದಂತೆ.

ಆಕ್ಸಿಡೆಂಟ್ ಆದಾಗ ಸ್ಟೇರಿಂಗಿನಿಂದ ಉಬ್ಬಿ ಬರುವ ಏರ್ ಬ್ಯಾಗ್ ಅಲ್ಲ ಇದು. ಎರಡು ದಪ್ಪ ರಬ್ಬರ್ ಚೀಲ, ಒಂದೊಂದೂ ಸಣ್ಣ ತೆಂಗಿನಕಾಯಿ ಗಾತ್ರ. ಹಿಂದಿನ ಪ್ಲೇಟಿಗೂ ಅದರ ಮೇಲಿನ ಚಾಸಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಕೂರಿಸುವುದು. ಅದಕ್ಕೆ ಗಾಳಿ ತುಂಬಿದರೆ ತಗ್ಗಿದ ಬಾಲ ಮೇಲೇಳ್ತದೆ, ಗಾಡಿ ನೇರ ನಿಲ್ತದೆ. ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪೂ ಜೊತೆಗೆ ಉಂಟು. ನಾನು ಒಂದು ಆದಿತ್ಯವಾರ ಇಡೀ ಕೂತು ಕೂರಿಸಿದೆ. ಎರಡು ಚೀಲಕ್ಕೂ ಬೇರೆ ಬೇರೆ ಪೈಪು ಎಳೆದೆ. ಒಂದೇ ಪೈಪಿನಲ್ಲಿ ಸೇರಿಸಿದರೆ ತಿರುವಿನಲ್ಲಿ ಒಂದು ಚೀಲದ ಗಾಳಿ ಇನ್ನೊಂದಕ್ಕೆ ಓಡಿ ಗಾಡಿ ಮತ್ತೂ ವಾಲ್ತದೆ. ಸೈಲೆನ್ಸರಿನ ಬಿಸಿ ತಾಗದ ಹಾಗೆ ತಗಡಿನ ಮರೆಯನ್ನೂ ಕಟ್ಟಿದೆ. ಕೆಲಸದಲ್ಲಿ ನಾನು ಕಳ್ಳ ಅಲ್ಲ.

ಪೆಟ್ಟಿಗೆಯಲ್ಲಿ ಒಂದು ಇಂಗ್ಲಿಷ್ ಕಾಗದ ಇತ್ತು. ನಾನು ಓದಿದೆ. ಇದು ಗಾಡಿಯನ್ನು ನೇರ ನಿಲ್ಲಿಸಲಿಕ್ಕೆ ಮಾತ್ರ, ಹೊರುವ ಶಕ್ತಿ ಹೆಚ್ಚಾಗುವುದಿಲ್ಲ, ಬ್ರೇಕು, ಟಯರು, ಆಕ್ಸಲು ಮೊದಲು ಎಷ್ಟು ತಡೆಯುತ್ತಿತ್ತೋ ಈಗಲೂ ಅಷ್ಟೇ ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು. ಹಸೈನಾರಾಕನಿಗೆ ಹೇಳಿದೆ: "ಇದು ಜಾಸ್ತಿ ಲೋಡು ಹಾಕಲಿಕ್ಕೆ ಅಲ್ಲ, ಗೊತ್ತಾಯ್ತಲ್ಲ?"

"ಗೊತ್ತುಂಟು ಮಾರಾಯ, ನನಗೆ ಎಂತ ಮಂಡೆ ಸರಿ ಇಲ್ವಾ?" ಅಂದರು.

ಅಲ್ಲಿಂದ ಐದು ಹೆಜ್ಜೆ ಆಚೆ ತುಕ್ರಣ್ಣ ಮಿಕ್ಸರಿನ ಡ್ರಮ್ಮಿಗೆ ಸುತ್ತಿಗೆಯಿಂದ ಬಡಿದು ಗಟ್ಟಿಯಾದ ಸಿಮೆಂಟು ಉದುರಿಸ್ತಾ ಇದ್ದರು. ಆ ಸದ್ದಿನಲ್ಲಿ ಅವರಿಗೆ ಎಂತದೂ ಕೇಳಿರಲಿಕ್ಕಿಲ್ಲ. ನಾನೂ ಆ ಕಡೆ ತಿರುಗಲಿಲ್ಲ. ಗಾಡಿಯ ಯಜಮಾನನಿಗೆ ಹೇಳಿ ಆಯ್ತಲ್ಲ ಅಂತ ಕೈ ತೊಳೆದುಕೊಂಡೆ.

ಅದು ಮಾರ್ಚಿನಲ್ಲಿ. ಮೇ ಬಂತು. ಮಳೆಗಾಲ ಹಿಡಿಯುವ ಮೊದಲು ಸ್ಲ್ಯಾಬ್ ಮುಗಿಸಲಿಕ್ಕೆ ಊರಿಡೀ ಗಡಿಬಿಡಿ. ಒಂದು ಬೆಳಿಗ್ಗೆ ಏಳು ಗಂಟೆಗೆ, ನಾನು ಶಟರ್ ಎತ್ತುವಾಗ, ಹಸೈನಾರಾಕನ ಪಿಕಪ್ ಮಿಕ್ಸರ್ ಎಳೆದುಕೊಂಡು ಅಂಗಡಿ ಮುಂದೆ ನಿಂತಿತು. ಕೊಂಡಿಯ ಪಿನ್ನು ಸಡಿಲ ಆಗಿತ್ತು. ಎರಡು ನಿಮಿಷದ ಕೆಲಸ. ಶಕ್ತಿನಗರದಲ್ಲಿ ಸ್ಲ್ಯಾಬ್ ಉಂಟು, ಕದ್ರಿ ಕಂಬಳದ ಗೋಡೌನಿನಿಂದ ಸಿಮೆಂಟು ಹಾಕಿಕೊಂಡು ಹೋಗುವುದು ಅಂದರು. ಗಾಡಿ ಹೊರಡುವಾಗ ಹಿಂದೆ ಕೂತಿದ್ದ ಕಿನ್ನಿಯಕ್ಕ ಎಲೆಯಡಿಕೆ ಬಾಯಲ್ಲಿ ನನ್ನನ್ನು ನೋಡಿ ನಕ್ಕರು.

"ರೋಷನಣ್ಣ, ನಿಮ್ಮ ಬಲೂನು ಒಳ್ಳೆದಾಯ್ತು. ಮೊದಲು ಎರಡು ಟ್ರಿಪ್ ಹೊಡಿಬೇಕಿತ್ತು, ಈಗ ಒಂದೇ. ಇವರ ಕೈ ಈಗ ಯಾವಾಗ್ಲೂ ಹೋಗ್ತದೆ!"

ನನಗೆ ಖುಷಿಯೇ ಆಯ್ತು, ಸುಳ್ಳು ಯಾಕೆ ಹೇಳಲಿ. ಕೈ ಬೀಸಿದೆ. ಒಳಗೆ ಬಂದು ದೇವರಿಗೆ ಊದುಬತ್ತಿ ಹಚ್ಚಿದೆ. ಪಕ್ಕದ ಹೋಟೆಲಿನಿಂದ ಬಂದ ಚಾ ಬಾಯಿಗಿಟ್ಟೆ. ಆಗ ಆ ಮಾತು ಮಂಡೆಯೊಳಗೆ ಇಳಿಯಿತು. ಇವರ ಕೈ ಈಗ ಯಾವಾಗಲೂ ಹೋಗ್ತದೆ.

ಅಯ್ಯೋ ದೇವರೇ! ಹೋಗದೆ ಇನ್ನೆಂತ ಆಗ್ತದೆ? ಭಾರ ಬಿದ್ದ ಹಾಗೆ ಬಾಡಿ ತಗ್ಗಬೇಕು, ತಗ್ಗಿದರೆ ತಾನೇ ಕೈಗೆ ಗೊತ್ತಾಗುವುದು? ಆ ಸಂದಿಯನ್ನೇ ನಾನು ಗಾಳಿ ತುಂಬಿ ಎತ್ತಿ ಇಟ್ಟಿದ್ದೇನೆ. ಐವತ್ತು ಮೂಟೆ ಹಾಕಿ, ಪಂಪು ಒತ್ತಿ, ಕೈ ಹಾಕಿ ನೋಡಿದರೂ ಹೋಗ್ತದೆ. ತುಕ್ರಣ್ಣನಿಗೆ ಇದನ್ನು ಯಾರಾದರೂ ಹೇಳಿದ್ದಾರಾ? ನಾನು ಹೇಳಿಲ್ಲ. ಹಸೈನಾರಾಕ? ಅವರು ತಲೆ ಹಾಕುವುದೇ ಇಲ್ಲ, ಲೋಡಿನ ವಿಷಯ ಪೂರಾ ತುಕ್ರಣ್ಣನಿಗೆ ಬಿಟ್ಟದ್ದು.

ಹಸೈನಾರಾಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಗಾಡಿ ಓಡಿಸುವಾಗ ಅವರು ಫೋನ್ ಮುಟ್ಟುವುದಿಲ್ಲ, ಅಷ್ಟು ಕಟ್ಟುನಿಟ್ಟಿನ ಮನುಷ್ಯ. ತುಕ್ರಣ್ಣನ ಫೋನು ಮನೆಯಲ್ಲೇ ಇರುವುದು. ಬೇರೆಯವರ ನಂಬರು ನನ್ನಲ್ಲಿಲ್ಲ. ಶಟರ್ ಅರ್ಧ ಎಳೆದು ಸ್ಕೂಟರ್ ಹತ್ತಿದೆ.

ಗೋಡೌನಿಗೆ ಹೋದರೆ ಅಲ್ಲಿ ಬಾಸಿತ್ ಒಬ್ಬನೇ ಗೇಟಿಗೆ ಬೀಗ ಹಾಕ್ತಾ ಇದ್ದ. ಗೋಡೌನು ನೋಡಿಕೊಳ್ಳುವವನು ಅವನೇ.

"ಹೋದ್ರಾ? ಎಷ್ಟು ಹಾಕಿದ್ರು?"

"ಈಗಷ್ಟೇ ಹೋದ್ರು. ಮೂವತ್ತೆಂಟು ಮೂಟೆ."

"ಮೂವತ್ತೆಂಟಾ?"

"ಎಂತ ಅಣ್ಣ ಬೊಬ್ಬೆ ಹಾಕ್ತೀರಿ? ಮೊದಲು ಇಪ್ಪತ್ತೆರಡು ಹಾಕ್ತಿದ್ರು, ಈಗ ಅಷ್ಟು ಹಿಡೀತದೆ. ತುಕ್ರಣ್ಣ ಕೈ ಹಾಕಿ ನೋಡಿಯೇ ಹಾಕಿದ್ದು."

ಹದಿನಾರು ಮೂಟೆ ಜಾಸ್ತಿ. ಮೇಲೆ ಎಂಟು ಜನ. ಹಿಂದೆ ಮಿಕ್ಸರು, ಅದಕ್ಕೆ ಅದರದ್ದೇ ಬ್ರೇಕಿಲ್ಲ. ಚಡಾವಿನಲ್ಲಿ ಎಳೆಯಬೇಕು, ಇಳಿಜಾರಿನಲ್ಲಿ ಅದು ಹಿಂದಿನಿಂದ ದೂಡ್ತದೆ. ಶಕ್ತಿನಗರದ ಆ ಸೈಟು ನನಗೆ ಗೊತ್ತು. ಒಳರಸ್ತೆಯಲ್ಲಿ ಹೋಗಿ ಕಾಂಕ್ರೀಟ್ ಇಳಿಜಾರು ಇಳಿಯಬೇಕು, ಜಾರುಬಂಡಿಯ ಹಾಗೆ ನೇರ ಇಳಿಜಾರು. ಕೆಳಗೆ ಕೊನೆಯಲ್ಲಿ ತಿರುವು, ತಿರುವಿನಲ್ಲಿ ಒಂದು ಕಾಂಪೌಂಡ್ ಗೋಡೆ. ಬ್ರೇಕು ಹಿಡಿಯದಿದ್ದರೆ ಆ ಗೋಡೆಗೇ ಹೋಗಿ ಬಡಿಯುವುದು. ಮೂಟೆಯ ಮೇಲೆ ಕೂತವರ ಗತಿ ನೆನೆಸುತ್ತಲೇ ಸ್ಕೂಟರ್ ತಿರುಗಿಸಿದೆ.

ನಂತೂರು ಸರ್ಕಲ್ಲಿನಲ್ಲಿ ಎಂದಿನ ಹಾಗೆ ಜಾಮು. ಬಸ್ಸಿನವರು ಹಾರನ್ ಹೊಡೆದು ಹೊಡೆದು ಜೀವ ತೆಗೀತಾರೆ. ನಾನು ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸಿದೆ. ಟ್ರಾಫಿಕ್ ಪೊಲೀಸ್ "ಓಯ್" ಅಂದ. ಆಮೇಲೆ ಬಂದು ಫೈನ್ ಕಟ್ತೇನೆ ಅಂತ ಕೂಗಿದೆ, ಅವನಿಗೆ ಕೇಳಿತೋ ಇಲ್ಲವೋ. ಬಿಕರ್ನಕಟ್ಟೆ ದಾಟುವಾಗ ಇನ್ನೊಮ್ಮೆ ಫೋನ್ ಮಾಡಿದೆ. ರಿಂಗು ಹೋಗಿ ಹೋಗಿ ನಿಂತಿತು. ದಾರಿಯಲ್ಲಿ ಎಲ್ಲಾದರೂ ಜನ ಗುಂಪು ಕೂಡಿದ್ದು ಕಂಡರೆ ನಿಧಾನ ಮಾಡಿ ಇಣುಕುತ್ತಿದ್ದೆ. ಒಂದು ಕಡೆ ಮೀನಿನ ಗಾಡಿ ಸುತ್ತ ಹೆಂಗಸರು ನಿಂತದ್ದು, ಇನ್ನೊಂದು ಕಡೆ ಬಸ್ಸಿಗೆ ಕಾಯುವವರು. ನಮ್ಮ ಕಡೆಯ ದೈವ ಕೊರಗಜ್ಜನಿಗೆ ಚಕ್ಕುಲಿ, ಬೀಡ ಹೇಳಿಕೊಂಡೆ. ಕಳೆದುಹೋದ ವಸ್ತು ಸಿಗಲಿಕ್ಕೆ ಹೇಳಿಕೊಳ್ಳುವ ಹರಕೆ ಅದು. ಆ ಹೊತ್ತಿಗೆ ಬೇರೆ ಎಂತದೂ ನನಗೆ ಹೊಳೆಯಲಿಲ್ಲ.

ಇಳಿಜಾರಿನ ತಲೆಯಿಂದ ಐವತ್ತು ಅಡಿ ಈಚೆ ಮಿಕ್ಸರಿನ ಹಿಂಭಾಗ ಕಂಡಿತು. ಗಾಡಿ ಇನ್ನೂ ನಿಧಾನಕ್ಕೆ ಹೋಗ್ತಾ ಇತ್ತು. ಪಕ್ಕದ ಚರಂಡಿಗೆ ತಾಗುವ ಹಾಗೆ ಅದನ್ನು ಹಿಂದೆ ಹಾಕಿ, ಮುಂದೆ ಹೋಗಿ, ಸ್ಕೂಟರನ್ನು ರಸ್ತೆಗೆ ಅಡ್ಡ ಬಿಟ್ಟು ಎರಡೂ ಕೈ ಮೇಲೆತ್ತಿದೆ. ಪಿಕಪ್ಪು ಕಿರ್ರ್ ಅಂತ ಬಂದು ನನ್ನಿಂದ ಮೂರು ಅಡಿಯಲ್ಲಿ ನಿಂತಿತು.

"ಸಾಯ್ಲಿಕ್ಕೆ ನನ್ನ ಗಾಡಿಯೇ ಬೇಕಿತ್ತಾ ನಿನಗೆ?" ಹಸೈನಾರಾಕ ಕಿಟಕಿಯಿಂದ ಅರ್ಧ ಹೊರಗೆ ಬಂದು ಬೈದರು.

"ಎಲ್ಲರೂ ಇಳೀರಿ! ಮೊದಲು ಇಳೀರಿ! ಮಾತು ಆಮೇಲೆ!" ಅಂತ ಬೊಬ್ಬೆ ಹಾಕಿದೆ.

ಜನ ಗಾಬರಿಯಿಂದ ಹಾರಿ ಇಳಿದರು. ನಾನು ಹಿಂದಿನ ಚಕ್ರಕ್ಕೆ ಎರಡು ಕೆಂಪುಕಲ್ಲು ಅಡ್ಡ ಇಟ್ಟೆ. ಬ್ರೇಕು ಸುಟ್ಟ ವಾಸನೆ ಮೂಗಿಗೆ ಹೊಡೀತಿತ್ತು. ಕಿನ್ನಿಯಕ್ಕನ ಕೈಯಿಂದ ನೀರಿನ ಬಾಟ್ಲಿ ಕಿತ್ತುಕೊಂಡು ಚಕ್ರದ ಡ್ರಮ್ಮಿಗೆ ನಾಲ್ಕು ಹನಿ ಚಿಮುಕಿಸಿದೆ. ಚೊಯ್ ಅಂತು. ಇಳಿಜಾರು ಇನ್ನೂ ಶುರುವೇ ಆಗಿರಲಿಲ್ಲ. ಹಸೈನಾರಾಕನ ಬೈಗುಳ ನಿಂತಿತು.

"ಎಷ್ಟು ಹಾಕಿದ್ದೀರಿ ತುಕ್ರಣ್ಣ? ಗಾಡಿ ಎಷ್ಟು ಹೊರ್ತದೆ ಅಂತ ಗೊತ್ತಿಲ್ವಾ?" ಅಂತ ಅವರ ಮೇಲೆ ಹರಿಹಾಯ್ದೆ. ಹೆದರಿಕೆ ಆದಾಗ ನನಗೆ ಸಿಟ್ಟೇ ಬರುವುದು, ಏನು ಮಾಡ್ಲಿ.

ತುಕ್ರಣ್ಣ ಮುಂದೆ ಬಂದರು. ಚಕ್ರದ ಹತ್ತಿರ ಕೂತರು. ಬಲಗೈ ನಿಲ್ಲಿಸಿ ಸಂದಿಗೆ ತೂರಿಸಿದರು. ಸಲೀಸಾಗಿ ಹೋಯ್ತು. ಕೈ ಅಲ್ಲೇ ಇಟ್ಟುಕೊಂಡು ನನ್ನನ್ನು ನೋಡಿದರು. "ಹೋಗ್ತದಲ್ಲ ರೋಷನಣ್ಣ?"

ಬಾಯಲ್ಲಿ ವಿವರಿಸುವ ತಾಳ್ಮೆ ನನಗೆ ಉಳಿದಿರಲಿಲ್ಲ. ನಂಬರ್ ಪ್ಲೇಟಿನ ಹತ್ತಿರ ನಾನೇ ಕೂರಿಸಿದ್ದ ಬಲೂನಿನ ಎರಡು ವಾಲ್ವುಗಳನ್ನು ಒತ್ತಿ ಹಿಡಿದೆ. ಸುಯ್ ಅಂತ ಗಾಳಿ ಬಿಟ್ಟಿತು. ಬಾಡಿ ಇಳಿಯತೊಡಗಿತು. ತುಕ್ರಣ್ಣ ಕೈ ತೆಗೆಯಲಿಲ್ಲ. ಬಾಡಿ ಬೆರಳಿಗೆ ತಾಗಿತು, ಆಗಲೂ ತೆಗೆಯಲಿಲ್ಲ. "ಕೈ ತೆಗೀರಿ ಮಾರಾಯ್ರೆ!" ಅಂತ ನಾನು ಕಿರುಚಿದ ಮೇಲೆ ಎಳೆದುಕೊಂಡರು. ಬಾಡಿಯ ತಗಡು ಟಯರಿನ ಮೇಲೆ ಬಂದು ಕೂತಿತು. ಕೈ ಬಿಡಿ, ಒಂದು ಚೀಟಿ ತೂರಿಸಲಿಕ್ಕೂ ಜಾಗ ಇರಲಿಲ್ಲ.

ಅವರು ಕೂತಲ್ಲೇ ಕೂತಿದ್ದರು. ಬೆರಳಿನ ಗಂಟು ತರಚಿತ್ತು. ಅದನ್ನು ಅವರು ನೋಡಲಿಲ್ಲ. ಟಯರನ್ನು ನೋಡಿದರು, ಮೂಟೆಗಳನ್ನು ನೋಡಿದರು, ರಸ್ತೆ ಬದಿಯಲ್ಲಿ ನಿಂತ ಕಿನ್ನಿಯಕ್ಕನನ್ನು ನೋಡಿದರು. ಆಮೇಲೆ ತುಟಿ ಅಲುಗಿಸುತ್ತಾ ಎಂತದೋ ಎಣಿಸಲಿಕ್ಕೆ ಶುರು ಮಾಡಿದರು. ಕುಲಶೇಖರದ ಮನೆ. ಪದವಿನ ಎರಡು ಮನೆ. ಫಳ್ನೀರಿನ ಚಡಾವು. ಬಲೂನು ಹಾಕಿದ ಮೇಲೆ ಹನ್ನೊಂದು ಸ್ಲ್ಯಾಬ್. ಹನ್ನೊಂದು ಸಲವೂ ಕಿನ್ನಿಯಕ್ಕ ಮೇಲೆ ಕೂತಿದ್ದರು.

"ಅವತ್ತು ಇದನ್ನು ಕೂರಿಸುವಾಗ ನಿಮಗೆ ಗೊತ್ತಿತ್ತಾ?" ಅಂತ ಕೇಳಿದರು.

"ಗೊತ್ತಿತ್ತು. ಹಸೈನಾರಾಕನಿಗೆ ಹೇಳಿದ್ದೆ."

ಹಸೈನಾರಾಕ ಟೊಪ್ಪಿ ತೆಗೆದು ಬೆವರು ಒರೆಸಿಕೊಂಡರು. "ಹೇಳಿದ್ದ. ಹೌದು. ನೀನು ಕೈ ಹಾಕಿ ನೋಡ್ತೀಯಲ್ಲ ತುಕ್ರ, ಮತ್ತೆ ನನಗೆ ಎಂತ ಹೆದರಿಕೆ ಅಂತ ಇದ್ದೆ. ಗಾಡಿ ನೇರ ಇತ್ತು ಮಾರಾಯ. ಕನ್ನಡಿಯಲ್ಲಿ ನೋಡಿದ್ರೆ ನೇರವೇ ಇತ್ತು."

"ನಾನು ಅಲ್ಲೇ ಇದ್ದೆನಲ್ಲ," ಅಂದರು ತುಕ್ರಣ್ಣ. ಸಿಟ್ಟಿನಲ್ಲಿ ಅಲ್ಲ, ದಾರಿ ಕೇಳುವವರ ಹಾಗೆ. "ಲೋಡು ಮಾಡುವುದು ನಾನು. ನನಗೆ ಯಾಕೆ ಹೇಳಲಿಲ್ಲ?"

ಬಾಯಿತುಂಬ ತುಕ್ರಣ್ಣ ತುಕ್ರಣ್ಣ ಅಂತ ಕರೀತೇನೆ, ಹೇಳಲೇಬೇಕಾದ ಮಾತು ಹೇಳುವಾಗ ಮಾತ್ರ ಯಜಮಾನನ ಮುಖ ನೋಡಿದೆ. ಗಾಡಿಯ ಅಡಿಗೆ ನುಗ್ಗಿ ಅಲ್ಲೇ ಇದ್ದುಬಿಡುವ ಅನ್ನಿಸುವಷ್ಟು ನಾಚಿಕೆ ಆಯ್ತು.

ಆಮೇಲೆ ತುಕ್ರಣ್ಣ ಎದ್ದು, ಯಾರನ್ನೂ ಕೇಳದೆ, ಹದಿನಾರು ಮೂಟೆ ಇಳಿಸಿದರು. ಸಹಾಯಕ್ಕೆ ಹೋದ ನನ್ನನ್ನು ಬೇಡ ಅಂದರು. ಡ್ರಮ್ಮು ತಣ್ಣಗಾಗುವವರೆಗೆ ಕಾದು, ಹಸೈನಾರಾಕ ಫಸ್ಟ್ ಗೇರಿನಲ್ಲಿ ಇಳಿಸಿದರು. ಜನ ಎಲ್ಲ ನಡೆದುಕೊಂಡು ಹೋದರು. ಉಳಿದ ಮೂಟೆಗೆ ಎರಡನೇ ಟ್ರಿಪ್. ಎಂಟಕ್ಕೆ ಶುರು ಆಗಬೇಕಿದ್ದ ಸ್ಲ್ಯಾಬ್ ಹತ್ತೂವರೆಗೆ ಶುರು ಆಯ್ತು, ಮನೆಯವರು ಮುಖ ಗಂಟಿಕ್ಕಿಕೊಂಡರು. ಸಂಜೆಯ ಹೊತ್ತಿಗೆ ಮುಗಿಯಿತು. ನಾನು ಅಂಗಡಿ ಬಿಟ್ಟು ಅಷ್ಟು ಹೊತ್ತೂ ಅಲ್ಲೇ ಕೂತಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಮನೆಯಲ್ಲಿ ಹೇಳಿದ್ದಕ್ಕೆ ಅಶ್ಮಿತಾ, "ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತು ನಿಮ್ಮದು" ಅಂದಳು. ಕೊಳ್ಳೆ ಹೋಗುವ ಮೊದಲೇ ಹಾಕಿದೆ ಅಂತ ವಾದ ಮಾಡಿದೆ. ಆ ವಾರ ಪೂರ್ತಿ ಫೋನ್ ರಿಂಗಾದರೆ ಸಾಕು, ನನಗೆ ಮಂಡೆಬಿಸಿ.

ಎಂಟನೇ ದಿನ ಪಿಕಪ್ ಮೂಟೆ ಹೇರಿಕೊಂಡು ಅಂಗಡಿಗೆ ಬಂತು. ಬಲೂನು ಬಿಚ್ಚಲಿಕ್ಕೆ ಅಂದುಕೊಂಡೆ. ಅಲ್ಲ. ತುಕ್ರಣ್ಣ ತಾನೇ ಒಂದು ದಾರಿ ಹುಡುಕಿಕೊಂಡು ಬಂದಿದ್ದರು. ಮೊದಲು ಮಿಕ್ಸರನ್ನು ಕೊಂಡಿಗೆ ಹಾಕುವುದು, ಗಾಳಿ ಬಿಡುವುದು, ಮೂಟೆ ಹಾಕುವುದು, ಜನ ಹತ್ತುವುದು, ಕೈ ಹಾಕಿ ನೋಡುವುದು. ಸರಿ ಇದ್ದರೆ ಮಾತ್ರ ಗಾಳಿ ತುಂಬಿ ಗಾಡಿ ನೇರ ಮಾಡುವುದು. ಇದು ಸರಿಯಾ ಅಂತ ನನ್ನ ಹತ್ತಿರ ಕೇಳಿದರು. ನಾನು ತಲೆದೂಗಿದೆ. ಇಂಗ್ಲಿಷ್ ಕಾಗದದಲ್ಲಿ ಇಷ್ಟು ಒಳ್ಳೆ ಉಪಾಯ ಇರಲಿಲ್ಲ. ಪೂರಾ ಖಾಲಿ ಮಾಡಿದರೆ ರಬ್ಬರು ಮಡಚಿ ಹರೀತದೆ, ಅದಕ್ಕೆ ಸ್ವಲ್ಪ ಗಾಳಿ ಉಳಿಸಿ ಅಂದೆ. ಎಷ್ಟು ಅಂತ ಗೇಜಿನಲ್ಲಿ ಬೆರಳಿಟ್ಟು, ಈ ಸಲ ಅವರಿಗೇ ತೋರಿಸಿದೆ. ಅವರು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಜನ ಹತ್ತಿದರು. ಲೆಕ್ಕ ಹಾಕಿದೆ, ಏಳೇ ಇದ್ದರು.

"ಕಿನ್ನಿಯಕ್ಕ ಎಲ್ಲಿ? ಹುಷಾರಿಲ್ವಾ?"

"ಹುಷಾರಿದ್ದಾಳೆ. ಬಸ್ಸಲ್ಲಿ ಬರ್ತಾಳೆ."

"ಯಾಕೆ, ಹೆದರಿದ್ರಾ?"

"ಅವಳಾ? ಅವಳು ಬೆಳಿಗ್ಗೆ ಜಗಳ ಮಾಡಿದ್ದಾಳೆ, ನೀವು ಕೈ ಹಾಕಿ ನೋಡಿದ ಗಾಡಿಗೆ ನನಗೆ ಎಂತ ಹೆದರಿಕೆ ಅಂತ." ತುಕ್ರಣ್ಣ ಮೂಟೆಯ ಮೇಲೆ ಹತ್ತಿ ಕೂತರು. "ನಾನೇ ಬೇಡ ಅಂದೆ. ಈ ಕೈಯನ್ನು ಅವಳು ನಂಬ್ತಾಳೆ, ರೋಷನಣ್ಣ. ನನಗೆ ನಂಬಲಿಕ್ಕೆ ಆಗುವುದಿಲ್ಲ."